ಹೆಬ್ಬೆರಳಿನ ತೂಕ

ಸಕಲೇಶಪುರದ ಹಳೇ ಪೇಟೆಯಲ್ಲಿ ಚೆನ್ನವೀರಶೆಟ್ಟರ ಮೆಣಸಿನ ಮಂಡಿ.
ಇಪ್ಪತ್ತೇಳು ವರ್ಷ ಅಲ್ಲಿ ತಕ್ಕಡಿ ಹಿಡಿದವನು ನಾನು.
ಬಟ್ಟುಗಳ ಪೆಟ್ಟಿಗೆಯ ತಳದಲ್ಲಿ ಒಂದು ತಾಮ್ರದ ಬಿಲ್ಲೆ:
ಕೊಳ್ಳುವಾಗ ಬಟ್ಟಿನ ಕಡೆ ಹಾಕು,
ಮಾರುವಾಗ ಮೆಣಸಿನ ಕಡೆ.
ಇಷ್ಟೇ ನನಗೆ ಹೇಳಿಕೊಟ್ಟ ವಿದ್ಯೆ.

ಗಿರಾಕಿಯಿಲ್ಲದ ಒಂದು ಮಧ್ಯಾಹ್ನ ಹುಣಸೆಹಣ್ಣು ಹಚ್ಚಿ ಉಜ್ಜಿದೆ.
ಒಂದು ಮಗ್ಗುಲಿಗೆ ಕಿರೀಟ, ಎದ್ದು ನಿಂತ ಸಿಂಹ.
ಇನ್ನೊಂದಕ್ಕೆ ದೊಡ್ಡದೊಂದು ವಿ,
ಅದರ ಎರಡು ತೋಳಿಗೂ ಒಂದೊಂದು ಅಕ್ಷರ ಜೋತುಬಿದ್ದು,
ನೋಡಿದರೆ ಅದೂ ತಕ್ಕಡಿಯೇ!
ಇಸವಿ ಹದಿನೇಳುನೂರಾ ಚಿಲ್ಲರೆ.
ಚಿಲ್ಲರೆ ಸವೆದುಹೋಗಿದೆ.

ಹೈಸ್ಕೂಲಿನ ಮೇಷ್ಟ್ರು ಭೂತಗನ್ನಡಿ ಹಿಡಿದು
‘ವಲಂದೇಜರದ್ದು ಮಾರಾಯ, ಡಚ್ಚರು ಅಂತೀವಲ್ಲ,
ಅವರ ಬಾಯಲ್ಲಿ ಇದು ದೊಯ್ಟು’ ಅಂದರು.
ದೊಯ್ಟು, ದುಡ್ಡು.
ಯಾರ ಬಾಯಿಂದ ಯಾರ ಬಾಯಿಗೆ ಬಿತ್ತೋ,
ಬೀಳಲೇ ಇಲ್ಲವೋ, ಮೇಷ್ಟ್ರಿಗೂ ಗೊತ್ತಿಲ್ಲ.

ಮುಂದಿನದೆಲ್ಲ ನಾನು ಕಟ್ಟಿದ್ದು. ಸಾಕ್ಷಿ ಕೇಳಬೇಡಿ.

ಅವನ ಹೆಸರು ಯೋಸ್ಟ್.
ಹೇರೆತ್ತಿನವರ ನಾಲಿಗೆಯ ಮೇಲೆ ಅದು ಜೋಯಿಸ ಆಯಿತು.
ಹತ್ತೊಂಬತ್ತು ವರ್ಷ ಹಡಗಿನ ಹೊಟ್ಟೆಯಲ್ಲಿ ಮೂಟೆ ಎಣಿಸಿದವನು
ಒಮ್ಮೆಯೂ ಬಳ್ಳಿ ಕಂಡಿರಲಿಲ್ಲ.
ಬಸರೂರಲ್ಲಿ ಇಳಿದವನೇ ಉಪ್ಪಿನ ಹೇರುಗಳ ಬೆನ್ನು ಹತ್ತಿ
ಸಗಣಿ ತುಳಿಯುತ್ತ ಘಟ್ಟ ಏರಿದ,
ಕಾಲು ಅಗಲಿಸಿ, ನೆಲ ಯಾವಾಗ ವಾಲುತ್ತದೋ ಎಂಬಂತೆ.
ರಾತ್ರಿ ಮಲಗಿದರೆ ಬಂಡೆಯೂ ತೂಗುತ್ತಿತ್ತು ಅವನಿಗೆ.
‘ಜೋಯಿಸರೇ, ಹೆಣ್ಣು ಯಾವಾಗ ಸಿಕ್ಕೀತು?’
ಎತ್ತಿನ ಮಲ್ಲ ಅಂಗೈ ಚಾಚಿದ.
ಅವನು ಆ ಅಂಗೈಯಲ್ಲಿ ಎರಡು ಕಾಳು ಇಟ್ಟು
ಬೆಲೆ ಎಷ್ಟೆಂದ.

ಐಗೂರಿನ ಹತ್ತಿರ, ಒಂಟಿ ಬಿದಿರೇಣಿಯ ತುದಿಯಲ್ಲಿ ದ್ಯಾವೀರಿ
ಗೊನೆ ಬಿಡಿಸುತ್ತಿದ್ದಳು. ಹಸಿರು!
ಮೆಣಸು ಹುಟ್ಟುವಾಗಲೇ ಕಪ್ಪು, ಮುದುಕ, ಸುಕ್ಕು
ಎಂದು ನಂಬಿದ್ದವನು ಒಂದು ಕಾಳು ಕಡಿದ.
ಕಣ್ಣಲ್ಲಿ ನೀರು. ಖಾರಕ್ಕೇ ಇರಬೇಕು.

ಕಣದ ಮೆಣಸು ತೂಗುವ ಹೊತ್ತಿಗೆ
ಅವನ ಹೆಬ್ಬೆರಳು ಅಭ್ಯಾಸಬಲದಿಂದ
ಬಟ್ಟಿನ ತಟ್ಟೆಯ ಅಂಚಿಗೆ ಬಂದು ಕೂತಿತು.
ಅವಳು ಏಣಿಯ ಮೇಲಿಂದಲೇ:
‘ಜೋಯಿಸ, ನಿನ್ನ ಹೆಬ್ಬೆಟ್ಟಿಗೂ ಕಾಳು ಅಳೆಯಬೇಕಾ?’
ದುಭಾಷಿ ಬೇಕಾಗಲಿಲ್ಲ.
ಹಣ್ಣುಮೆಣಸಿನ ಹಾಗೆ ಕೆಂಪಾದ.
ಬೆರಳು ತೆಗೆದ. ಕಿಸೆಯಿಂದ ಈ ಬಿಲ್ಲೆ ತೆಗೆದು
ಬೆರಳಿದ್ದ ಜಾಗದಲ್ಲಿಟ್ಟ.
ಅವಳು ಅದನ್ನು ತಪ್ಪುಕಾಣಿಕೆ ಅಂದುಕೊಂಡಳು.
ಅವನು ಬಟ್ಟು ಅಂದುಕೊಂಡ.
ಅವತ್ತಿನಿಂದ ಅದು ಪದ್ಧತಿ.

ಹಿಂತಿರುಗುವಾಗ ಬಿಸಿಲೆಯ ಏಣಿನ ಮೇಲೆ ಮಲ್ಲ ಕೋಲು ನೆಟ್ಟು ತೋರಿಸಿದ:
ಇತ್ತ ಬಿದ್ದ ಹನಿ ಪಡುಗಡಲಿಗೆ, ಅತ್ತ ಬಿದ್ದದ್ದು ಮೂಡಗಡಲಿಗೆ.
ಎರಡೂ ಕಡಲು ಬಲ್ಲವನು ಜೋಯಿಸ.
ಒಂದರಲ್ಲಿ ತಮ್ಮನನ್ನು ಗೋಣಿಯಲ್ಲಿ ಹೊಲಿದು ಇಳಿಬಿಟ್ಟಿದ್ದ,
ಇನ್ನೊಂದರ ದಡದಲ್ಲಿ ತೀರದ ಸಾಲವಿತ್ತು.
ಸುಮ್ಮನೆ ನಿಂತ. ಆಮೇಲೆ ಚಲ್ಲಣ ಬಿಚ್ಚಿ
ಏಣಿನ ಮೇಲೆ ಉಚ್ಚೆ ಹೊಯ್ದ,
ಅತ್ತ ಅಷ್ಟು, ಇತ್ತ ಅಷ್ಟು.
ಜನ್ಮದಲ್ಲಿ ಒಂದು ಸಲ
ಎರಡೂ ತಟ್ಟೆಗೆ ಸಮ ತೂಗಿದ.

ಹೋದ ಯುಗಾದಿಗೆ ಮಂಡಿಗೆ ಕರೆಂಟಿನ ತಕ್ಕಡಿ ಬಂತು.
‘ಗುಜರಿಗೆ ಹಾಕು’ ಅಂದ ಶೆಟ್ಟರ ಮೊಮ್ಮಗ.
ಬಿಲ್ಲೆ ನನ್ನ ಅಂಗಿಯ ಕಿಸೆಯಲ್ಲಿದೆ,
ಬೀಡಿಯ ಪಕ್ಕ.

ನಿನ್ನೆ ಐಗೂರಿನ ಕಡೆಯ ಹೆಂಗಸೊಬ್ಬಳು
ಗೊಬ್ಬರದ ಚೀಲದಲ್ಲಿ ನಾಲ್ಕು ಕಿಲೋ ತಂದಳು.
ಚೀಲವಿಟ್ಟೆ. ನನ್ನ ಹೆಬ್ಬೆರಳೂ ತಟ್ಟೆಯ ಮೇಲೆ ಕೂತಿತ್ತು,
ಬೇಕೆಂದೇ.
ಒಂದೇ ತಟ್ಟೆಯ ಯಂತ್ರ, ಒತ್ತಿದ್ದೆಲ್ಲ ಅವಳ ಲೆಕ್ಕಕ್ಕೆ.

‘ಅಣ್ಣಾ, ಬೆರಳು’ ಅಂದಳು, ಗದರಿಸಿ.

ತೆಗೆದೆ.
ಕೆಂಪು ಅಂಕಿ ಒಂದಿಷ್ಟು ಕೆಳಗಿಳಿಯಿತು.